ಮನೆಯಲ್ಲಿ ಹೆಣೆದ ಸ್ವೆಟರ್, ಕಾಲುಚೀಲ: ಬೆಚ್ಚಗಿಡುವುದು ಏನು, ಎಚ್ಚರ ಬೇಕಾದದ್ದು ಎಲ್ಲಿ?

ಹಟ್ಟಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಚಿನ್ನದ ಗಣಿ, ಆಮೇಲೆ ಬಿಸಿಲು. ಹಟ್ಟಿ ಇರುವ ಲಿಂಗಸುಗೂರು ತಾಲ್ಲೂಕು, ಅದರ ಅಕ್ಕಪಕ್ಕದ ಮಸ್ಕಿ, ಸಿಂಧನೂರು ತಾಲ್ಲೂಕುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸುದ್ದಿಯೇನಲ್ಲ. ಇಂಥ ಊರಿನಲ್ಲಿ ಉಲ್ಲನ್ ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವವರು ಇರುತ್ತಾರೆಯೇ? ಇರುತ್ತಾರೆ. ಹೆರಿಗೆಗೆ ತವರಿಗೆ ಬರುವ ಮಗಳ ಕೂಸಿಗೆ ಕುಂಚಿಗೆ, ಟೊಪ್ಪಿಗೆ, ಕಾಲುಚೀಲ, ನಸುಕಿನಲ್ಲಿ ಎದ್ದು ಕೂಡುವ ಅಜ್ಜನಿಗೆ ಕೈಯಿಲ್ಲದ ಸ್ವೆಟರ್ ಹೆಣೆಯುವುದು ಅನೇಕ ಮನೆಗಳಲ್ಲಿ ಈಗಲೂ ಇದೆ. ನಮ್ಮ ಕಡೆ ಚಳಿಗಾಲದ ಹಗಲು 30 ಡಿಗ್ರಿ ಆಸುಪಾಸು ಇದ್ದರೂ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ 15ರಿಂದ 18 ಡಿಗ್ರಿಗೆ ಇಳಿಯುತ್ತದೆ. ದೊಡ್ಡವರಿಗೆ ಅದು ಹಿತವಾದ ತಂಪು. ಎರಡು ಕಿಲೋ ತೂಗುವ ಕೂಸಿಗೆ ಹಾಗಲ್ಲ.

ಹೆಣಿಗೆಯ ಸುತ್ತ ನಂಬಿಕೆಗಳೂ ಬೇಕಾದಷ್ಟಿವೆ. ಉಣ್ಣೆಯೇ ಶಾಖ ಕೊಡುತ್ತದೆ, ಕೂಸಿಗೆ ಎಷ್ಟು ಬಟ್ಟೆ ಹಾಕಿದರೂ ಹೆಚ್ಚಾಗುವುದಿಲ್ಲ, ಉಣ್ಣೆ ಎಂದರೆ ಅಲರ್ಜಿ, ಬಸಿರಿ ಸೂಜಿ ಹಿಡಿಯಬಾರದು ಎಂಬುವೆಲ್ಲ ನೀವೂ ಕೇಳಿರುತ್ತೀರಿ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಸುಳ್ಳು. ಯಾರೂ ಹೆಚ್ಚು ಮಾತನಾಡದ ಕೆಲವು ಅಪಾಯಗಳು ಮಾತ್ರ ಪೂರ್ತಿ ನಿಜ. ಒಂದೊಂದಾಗಿ ನೋಡೋಣ.

ಸ್ವೆಟರ್ ಶಾಖ ಕೊಡುತ್ತದೆಯೇ?

ಇಲ್ಲ. ಶಾಖ ಹುಟ್ಟುವುದು ನಮ್ಮ ದೇಹದಲ್ಲಿ. ಸ್ವೆಟರ್ ಅದು ಬೇಗ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಆ ತಡೆಯುವ ಕೆಲಸದಲ್ಲೂ ಹೆಚ್ಚಿನ ಪಾಲು ಉಣ್ಣೆಯದಲ್ಲ, ಗಾಳಿಯದು. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರು ಅದಕ್ಕಿಂತ ಸುಮಾರು 23 ಪಟ್ಟು ವೇಗವಾಗಿ ಸಾಗಿಸುತ್ತದೆ. ಉಣ್ಣೆಯ ಎಳೆ ನೇರವಾಗಿರುವುದಿಲ್ಲ, ಗುಂಗುರು ಕೂದಲಿನ ಹಾಗೆ ಅಲೆಅಲೆಯಾಗಿರುತ್ತದೆ. ಎಳೆಗಳು ಒಂದಕ್ಕೊಂದು ಅಂಟಿ ಕೂರದ ಕಾರಣ ನಡುವೆ ಸಾವಿರಾರು ಸಣ್ಣ ಸಂದುಗಳು ಉಳಿಯುತ್ತವೆ. ಆ ಸಂದುಗಳಲ್ಲಿ ಸಿಕ್ಕಿಬಿದ್ದ ಗಾಳಿಯೇ ನಮ್ಮ ನಿಜವಾದ ಹೊದಿಕೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಐಸ್ ತುಂಡು ಹಾಕಿ. ಒಂದು ಲೋಟವನ್ನು ಹೆಣೆದ ಕಾಲುಚೀಲದೊಳಗೆ ಇಳಿಸಿ ಬಾಯಿ ಮುಚ್ಚಿ, ಇನ್ನೊಂದನ್ನು ಹಾಗೇ ಬಿಡಿ. ಸ್ವೆಟರ್ ಬಟ್ಟೆ ಶಾಖ ಕೊಡುವುದೇ ಆಗಿದ್ದರೆ ಚೀಲದೊಳಗಿನ ಐಸ್ ಮೊದಲು ಕರಗಬೇಕು. ಆದರೆ ಅದೇ ಹೆಚ್ಚು ಹೊತ್ತು ಉಳಿಯುತ್ತದೆ. ಐಸ್ ಗಡ್ಡೆಯನ್ನು ಗೋಣಿಚೀಲದಲ್ಲಿ, ಮರದ ಹೊಟ್ಟಿನಲ್ಲಿ ಮುಚ್ಚಿಡುವುದರ ಹಿಂದಿರುವ ತತ್ವವೂ ಇದೇ.

ಹಾಗಾದರೆ ಹಳೆಯ ನಂಬಿಕೆಯಲ್ಲಿ ಸ್ವಲ್ಪವೂ ಸತ್ಯ ಇಲ್ಲವೇ? ಸ್ವಲ್ಪ ಇದೆ. ಉಣ್ಣೆ ಗಾಳಿಯಲ್ಲಿನ ನೀರಾವಿಯನ್ನು ಹೀರುತ್ತದೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀಗೆ ಹೀರುವಾಗ ಒಂದಿಷ್ಟು ಶಾಖ ನಿಜವಾಗಿಯೂ ಬಿಡುಗಡೆಯಾಗುತ್ತದೆ. ಒಣ ಸ್ವೆಟರ್ ಹಾಕಿಕೊಂಡು ತೇವದ ಚಳಿಗಾಳಿಗೆ ಹೊರಟಾಗ ಮೊದಲಿಗೆ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಅದು ಸ್ವಲ್ಪ ಹೊತ್ತಿನ ಶಾಖ. ಬಟ್ಟೆಗೆ ತೇವ ಹೀರಿ ಸಾಕಾದ ಮೇಲೆ ಅದೂ ನಿಲ್ಲುತ್ತದೆ.

ಇದರಿಂದ ಹೆಣೆಯುವವರಿಗೆ ಒಂದು ಪಾಠ ಇದೆ. ಬಿಗಿಯಾಗಿ, ದಪ್ಪವಾಗಿ ಹೆಣೆದಷ್ಟೂ ಬೆಚ್ಚಗೆ ಎನ್ನುವುದು ಪೂರ್ತಿ ಸರಿಯಲ್ಲ. ತೀರಾ ಬಿಗಿಯಾದರೆ ಗಾಳಿಗೆ ಜಾಗವೇ ಇರುವುದಿಲ್ಲ. ತೀರಾ ಸಡಿಲವಾದರೆ ಬೀಸುವ ಗಾಳಿ ಒಳಗಿನ ಬೆಚ್ಚನೆಯ ಗಾಳಿಯನ್ನು ಹೊರಗೆ ತಳ್ಳುತ್ತದೆ. ಒಂದು ದಪ್ಪ ಸ್ವೆಟರಿಗಿಂತ ತೆಳ್ಳಗಿನ ಎರಡು ಪದರ ಅನುಕೂಲ. ಪದರಗಳ ನಡುವೆಯೂ ಗಾಳಿ ನಿಲ್ಲುತ್ತದೆ, ಸೆಕೆ ಆದಾಗ ಒಂದನ್ನು ತೆಗೆಯಬಹುದು.

ಕಂಬಳಿಯ ಉಣ್ಣೆಯಿಂದ ಸ್ವೆಟರ್ ಏಕೆ ಹೆಣೆಯುವುದಿಲ್ಲ?

'ಹಟ್ಟಿ' ಎಂಬ ಪದಕ್ಕೆ ಕನ್ನಡದಲ್ಲಿ ಕುರಿ-ದನ ಕೂಡುವ ಜಾಗ, ಸಣ್ಣ ಊರು ಎಂಬ ಅರ್ಥಗಳಿವೆ. ಕುರಿ, ಉಣ್ಣೆ ನಮ್ಮ ಒಣನೆಲಕ್ಕೆ ಹೊಸದಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕಡೆ ಕುರುಬ ಸಮುದಾಯದವರು ದಖನಿ ತಳಿಯ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುತ್ತ ಬಂದಿದ್ದಾರೆ. ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸಿ, ನೂಲು ತೆಗೆದು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿ, ಮಗ್ಗಕ್ಕೆ ಏರಿಸುತ್ತಾರೆ. ಹೀಗೆ ತಯಾರಾದ ಕಂಬಳಿ ಮಳೆಗೆ ಗೊಪ್ಪೆ, ರಾತ್ರಿಗೆ ಹೊದಿಕೆ, ಹಗಲಿಗೆ ಹಾಸು.

ಮನೆಯ ಹತ್ತಿರವೇ ಉಣ್ಣೆ ಇರುವಾಗ ದೂರದ ಲೂಧಿಯಾನದಿಂದ ಬಂದ ಉಲ್ಲನ್ ಏಕೆ? ಕಾರಣ ಎಳೆಯ ದಪ್ಪ. ದಖನಿ ಕುರಿಯ ಉಣ್ಣೆ ಒರಟು, ಅದರಲ್ಲಿ ಕೂದಲಿನಂಥ ಎಳೆಗಳೂ ಬೆರೆತಿರುತ್ತವೆ. ಕಂಬಳಿಗೆ ಈ ಒರಟುತನವೇ ಬಲ. ಮೈಗೆ ತಾಗುವ ಸ್ವೆಟರಿಗೆ ಅದೇ ತೊಂದರೆ. ಸ್ವೆಟರಿಗೆ ಹೆಸರಾದ ಮೆರಿನೋ ಉಣ್ಣೆಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ತೆಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಇನ್ನೊಂದು ವ್ಯತ್ಯಾಸವೂ ಇದೆ. ಕಂಬಳಿ ನೇಯ್ದದ್ದು, ಸ್ವೆಟರ್ ಹೆಣೆದದ್ದು. ನೇಯ್ಗೆಯಲ್ಲಿ ಉದ್ದದ ಎಳೆ, ಅಡ್ಡದ ಎಳೆ ನೇರವಾಗಿ ಹಾಯುತ್ತವೆ. ಹೆಣಿಗೆಯಲ್ಲಿ ಒಂದೇ ದಾರ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಕುಣಿಕೆಯ ಆಕಾರ ಬದಲಾಗುತ್ತದೆ, ಬಿಟ್ಟಾಗ ಮರಳಿ ಬರುತ್ತದೆ. ತಲೆ ತೂರಿಸುವ ಕೊರಳಿಗೆ, ಹಿಮ್ಮಡಿ ತಿರುಗುವ ಕಾಲುಚೀಲಕ್ಕೆ ಈ ಹಿಗ್ಗುವ ಗುಣ ಬೇಕೇ ಬೇಕು.

ಅಂಗಡಿಯ 'ಉಲ್ಲನ್' ನಿಜವಾಗಿ ಉಣ್ಣೆಯೇ?

ಸಂತೆಯಲ್ಲಿ, ಬಳೆ ಅಂಗಡಿಯಲ್ಲಿ 'ಉಲ್ಲನ್' ಎಂದು ಸಿಗುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಅದು ಪೆಟ್ರೋಲಿಯಂ ಮೂಲದ ಕೃತಕ ನೂಲು. ಹಾಗೆಂದು ಕೆಟ್ಟದ್ದು ಎಂದಲ್ಲ. ಅಗ್ಗ, ಹಗುರ, ಬಣ್ಣ ಹೆಚ್ಚು, ತೊಳೆಯುವುದು ಸುಲಭ, ನುಸಿ ತಿನ್ನುವುದಿಲ್ಲ. ಗಾಳಿ ಹಿಡಿದಿಡುವ ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತದೆ. ಆದರೆ ತೇವ ಹೀರುವುದು ಬಹಳ ಕಡಿಮೆ, ತೂಕದ ಶೇ. 2ರಷ್ಟೂ ಇಲ್ಲ. ಹಾಗಾಗಿ ಬೆವರು ಮೈಮೇಲೆ ಉಳಿದು ಜಿಗಿಜಿಗಿ ಅನ್ನಿಸುತ್ತದೆ.

ಗುರುತಿಸುವುದು ಹೇಗೆ? ಬೆರಳುದ್ದದ ಒಂದು ದಾರವನ್ನು ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ, ದೊಡ್ಡವರೇ ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಉಣ್ಣೆಯೂ ಕೂದಲೂ ಕೆರಟಿನ್ ಎಂಬ ಒಂದೇ ಬಗೆಯ ಪ್ರೋಟೀನ್ ಆಗಿರುವುದರಿಂದ ವಾಸನೆಯೂ ಒಂದೇ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗುತ್ತ ಉರಿದು ಕೊನೆಗೆ ಕಪ್ಪನೆಯ ಗಟ್ಟಿ ಮಣಿಯಂತಾಗುತ್ತದೆ.

ಈ ಕೊನೆಯ ಮಾತು ಬಾಣಂತಿ ಇರುವ ಮನೆಯವರಿಗೆ ಮುಖ್ಯ. ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಹತ್ತಿದರೂ ಕಿಡಿ ತೆಗೆದಾಗ ಆರುವುದೇ ಹೆಚ್ಚು. ಅಕ್ರಿಲಿಕ್ ಬೇಗ ಹತ್ತಿಕೊಳ್ಳುತ್ತದೆ, ಕರಗಿದ ಭಾಗ ಚರ್ಮಕ್ಕೆ ಅಂಟಿ ಸುಡುತ್ತದೆ. ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವುದು, ಬಾಣಂತಿಯ ಮಂಚದ ಹತ್ತಿರ ಕೆಂಡ ಇಡುವುದು ನಮ್ಮಲ್ಲಿ ರೂಢಿ. ಅಕ್ರಿಲಿಕ್ ಸ್ವೆಟರ್ ಹಾಕಿದ ಕೂಸನ್ನು ಕೆಂಡದ ಹತ್ತಿರ ಒಯ್ಯಬೇಡಿ. ಬೆಂಕಿಯ ಭಯ ಬದಿಗಿಟ್ಟರೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ತುಂಬಿಕೊಳ್ಳುತ್ತದೆ. ಹೊಗೆ ಕೂಸಿನ ಉಸಿರಿಗೂ ಒಳ್ಳೆಯದಲ್ಲ.

ಉಣ್ಣೆ ಎಂದರೆ ಅಲರ್ಜಿಯೇ?

'ನನಗೆ ಉಲ್ಲನ್ ಅಲರ್ಜಿ' ಎನ್ನುವವರಲ್ಲಿ ಹೆಚ್ಚಿನವರಿಗೆ ಆಗುತ್ತಿರುವುದು ಅಲರ್ಜಿ ಅಲ್ಲ, ಚುಚ್ಚುವಿಕೆ. ದಪ್ಪ ಎಳೆಯ ತುದಿ ಬಾಗುವುದಿಲ್ಲ, ಚರ್ಮವನ್ನು ಒತ್ತುತ್ತದೆ. ಅಲ್ಲಿನ ನರತುದಿಗಳು ಅದನ್ನು ತುರಿಕೆ ಎಂದು ತಿಳಿಸುತ್ತವೆ. 30 ಮೈಕ್ರಾನಿಗಿಂತ ದಪ್ಪ ಎಳೆಗಳು ನೂಲಿನಲ್ಲಿ ಸುಮಾರು ಶೇ. 5 ಮೀರಿದರೆ ಹೆಚ್ಚಿನವರಿಗೆ ಬಟ್ಟೆ ಚುಚ್ಚಿದಂತೆ ಅನ್ನಿಸುತ್ತದೆ. ಕುರಿಯ ಮೈಯ ಜಿಡ್ಡಾದ ಲ್ಯಾನೊಲಿನ್‌ಗೆ ನಿಜವಾದ ಅಲರ್ಜಿ ಕೆಲವರಲ್ಲಿ ಇರುತ್ತದೆ, ಆದರೆ ಅದು ವಿರಳ.

ಪರಿಹಾರ ಸರಳ. ಮೆತ್ತನೆಯ ಹತ್ತಿ ಅಂಗಿ ಒಳಗೆ, ಹೆಣೆದ ಸ್ವೆಟರ್ ಹೊರಗೆ. ಎಸ್ಜಿಮಾ ಇರುವ ಮಕ್ಕಳಿಗೆ ಒರಟು ಉಣ್ಣೆ ನೇರವಾಗಿ ತಾಗಲೇಬಾರದು. ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆ, ಪಂಚೆಯ ಬಟ್ಟೆಯನ್ನು ಕೂಸಿಗೆ ಮೊದಲು ಹಾಕುವ ನಮ್ಮ ಪದ್ಧತಿ ಈ ಮಟ್ಟಿಗೆ ಸರಿಯಾಗಿಯೇ ಇದೆ. ಆ ಬಟ್ಟೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿದ್ದಾಗಿರಬೇಕು, ಅಷ್ಟೇ.

ಕೂಸಿಗೆ ಎಷ್ಟು ಬಟ್ಟೆ ಬೇಕು?

ಹುಟ್ಟಿದ ಕೂಸು ದೊಡ್ಡವರ ಹಾಗೆ ನಡುಗಿ ಶಾಖ ಉಂಟುಮಾಡಲಾರದು. ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರವು ಹೆಚ್ಚು, ಚರ್ಮದ ಕೆಳಗೆ ಕೊಬ್ಬು ಕಡಿಮೆ, ತಲೆ ದೊಡ್ಡದು. ಅದಕ್ಕೇ ಶಾಖ ಬೇಗ ಕಳೆದುಕೊಳ್ಳುತ್ತದೆ. ನವಜಾತ ಶಿಶುವಿನ ಮೈಯ ಉಷ್ಣಾಂಶ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. 36.5ಕ್ಕಿಂತ ಕೆಳಗೆ ಇಳಿದರೆ ಎಚ್ಚರಿಕೆ ಬೇಕು.

ಹಾಗೆಂದು ಬಟ್ಟೆ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಸಾಮಾನ್ಯ ಲೆಕ್ಕ ಹೀಗಿದೆ: ಆ ಕೋಣೆಯಲ್ಲಿ ನೀವು ಎಷ್ಟು ಬಟ್ಟೆ ಹಾಕಿಕೊಂಡು ಹಿತವಾಗಿ ಇರುತ್ತೀರೋ, ಕೂಸಿಗೆ ಅದಕ್ಕಿಂತ ಒಂದು ಅಥವಾ ಎರಡು ಪದರ ಹೆಚ್ಚು. ಜನವರಿಯ ರಾತ್ರಿ ಇದರ ಅರ್ಥ ಹತ್ತಿ ಅಂಗಿ, ಅದರ ಮೇಲೆ ಸ್ವೆಟರ್, ಕಾಲುಚೀಲ. ಏಪ್ರಿಲ್‌ನ ಮಧ್ಯಾಹ್ನ ತೆಳ್ಳನೆಯ ಒಂದೇ ಅಂಗಿ ಸಾಕು. 'ಬಾಣಂತನ ಮುಗಿಯುವ ತನಕ ಟೊಪ್ಪಿಗೆ, ಸ್ವೆಟರ್ ತೆಗೆಯಬಾರದು' ಎಂಬ ಮಾತನ್ನು ನಮ್ಮ ಬೇಸಿಗೆಗೆ ಹಚ್ಚಿದರೆ ಕೂಸಿನ ಮೈ ಕಾಯುತ್ತದೆ, ಬೆವರುಸಾಲೆ ಏಳುತ್ತದೆ, ನೀರಿನಂಶ ಕಡಿಮೆಯಾಗುತ್ತದೆ. ಆಗ ಜ್ವರ ಬಂದಿದೆ ಎಂದುಕೊಂಡು ಇನ್ನೊಂದು ಹೊದಿಕೆ ಹೊದಿಸುವವರೂ ಇದ್ದಾರೆ. ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವ ಸಮಸ್ಯೆಗೆ ಮೈ ಅತಿಯಾಗಿ ಕಾಯುವುದು, ತಲೆ-ಮುಖ ಮುಚ್ಚಿಕೊಳ್ಳುವುದು ಅಪಾಯದ ಅಂಶಗಳೆಂದು ಗುರುತಿಸಲಾಗಿದೆ. ಆದ್ದರಿಂದ ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸು ಮನೆಯೊಳಗೆ ಮಲಗಿರುವಾಗ ಜಾರಿ ಮುಖದ ಮೇಲೆ ಬರುವಂಥ ಟೊಪ್ಪಿಗೆ ಬೇಡ.

ಚಳಿಯಾಗಿದೆಯೋ, ಸೆಕೆಯಾಗಿದೆಯೋ ತಿಳಿಯುವುದು ಹೇಗೆ? ಬರೀ ಅಂಗೈ ಮುಟ್ಟಿ ನಿರ್ಧರಿಸಬೇಡಿ. ಕೂಸಿನ ಹೊಟ್ಟೆ ಮತ್ತು ಪಾದ ಎರಡನ್ನೂ ನಿಮ್ಮ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ.

- ಹೊಟ್ಟೆ, ಪಾದ ಎರಡೂ ಬೆಚ್ಚಗಿದ್ದರೆ ಎಲ್ಲ ಸರಿ ಇದೆ.
- ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ತಾಗುತ್ತಿದೆ. ಒಂದು ಪದರ ಸೇರಿಸಿ, ತಾಯಿಯ ಮೈಗೆ ಒತ್ತಿಕೊಂಡು ಹಿಡಿಯಿರಿ.
- ಎರಡೂ ತಣ್ಣಗಿದ್ದರೆ ತಡಮಾಡಬೇಡಿ. ತಾಯಿಯ ಎದೆಗೆ ನೇರವಾಗಿ ಒತ್ತಿಕೊಂಡು ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿ.
- ಕುತ್ತಿಗೆಯ ಹಿಂದೆ ಬೆವರು, ಮೈ ಕೆಂಪು, ಮುಟ್ಟಿದರೆ ಬಿಸಿ ಎಂದಾದರೆ ಮೊದಲು ಬಟ್ಟೆ ಕಡಿಮೆ ಮಾಡಿ ಹಾಲು ಕುಡಿಸಿ. ಸ್ವಲ್ಪ ಹೊತ್ತಿನಲ್ಲಿ ಮೈ ತಣಿಯದಿದ್ದರೆ, ಕೂಸು ಮಂಕಾಗಿದ್ದರೆ ವೈದ್ಯರ ಹತ್ತಿರ ಹೋಗಿ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ನೋಡುವ ವ್ಯವಸ್ಥೆ ಇದೆ. ತೂಕ, ಉಷ್ಣಾಂಶ ನೋಡುವುದು ಅವರ ಕೆಲಸದ ಭಾಗ. ಬಟ್ಟೆಯ ವಿಷಯವನ್ನೂ ಅವರನ್ನೇ ಕೇಳಿ.

ತೂಕ ಕಡಿಮೆ ಇರುವ ಕೂಸಿಗೆ ಸ್ವೆಟರ್ ಸಾಕೇ?

ಸಾಕಾಗುವುದಿಲ್ಲ. ಸ್ವೆಟರ್ ಶಾಖ ಹುಟ್ಟಿಸುವುದಿಲ್ಲ ಎಂದು ಮೇಲೆ ನೋಡಿದೆವು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ, ಅದರಲ್ಲೂ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಹಿಡಿದಿಡಲು ಬೇಕಾದಷ್ಟು ಶಾಖವೇ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಇನ್ನೊಬ್ಬರ ಮೈಯ ಶಾಖ. ಇದೇ ಕಾಂಗರೂ ಆರೈಕೆ. ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕೂಸನ್ನು ನೆಟ್ಟಗೆ ಇರಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವುದು. ತಾಯಿಗೆ ಆಗದಿದ್ದಾಗ ತಂದೆ, ಅಜ್ಜಿ ಯಾರಾದರೂ ಮಾಡಬಹುದು.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆ ಇದ್ದ ಆಸ್ಪತ್ರೆಯಲ್ಲಿ ವೈದ್ಯ ಎಡ್ಗರ್ ರೇ ಇದನ್ನು ಶುರು ಮಾಡಿದರು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ 1ರಿಂದ 1.8 ಕಿಲೋ ತೂಕದ ಶಿಶುಗಳನ್ನು ನೋಡಲಾಯಿತು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಸಿಕ್ಕವರಲ್ಲಿ 28 ದಿನಗಳೊಳಗಿನ ಸಾವು ಶೇ. 12, ಸ್ಥಿತಿ ಸುಧಾರಿಸಿದ ಮೇಲಷ್ಟೇ ಸಿಕ್ಕವರಲ್ಲಿ ಶೇ. 15.7. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲೂ ಸರಕಾರಿ ವ್ಯವಸ್ಥೆಯೊಳಗೆ ಇಡೀ ಜಿಲ್ಲೆಗೆ ಕಾಂಗರೂ ಆರೈಕೆಯನ್ನು ತಲುಪಿಸುವ ಅಧ್ಯಯನ ನಡೆದಿದೆ. ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಸಾಧ್ಯವೋ ಅಷ್ಟು ಹೊತ್ತು ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ.

ಹಾಗಾದರೆ ಅಜ್ಜಿ ಹೆಣೆದದ್ದು ವ್ಯರ್ಥವೇ? ಖಂಡಿತ ಅಲ್ಲ. ಕಾಂಗರೂ ಆರೈಕೆಯಲ್ಲಿ ಕೂಸಿನ ಮೈಮೇಲೆ ಇರಬೇಕಾದದ್ದು ಮೂರೇ: ಲಂಗೋಟಿ, ಟೊಪ್ಪಿಗೆ, ಕಾಲುಚೀಲ. ಇಲ್ಲಿ ಟೊಪ್ಪಿಗೆ ಬೇಕು, ಏಕೆಂದರೆ ಕೂಸು ಚಿಕ್ಕದು, ಜೊತೆಗೆ ಒಬ್ಬರು ಎಚ್ಚರದಿಂದ ನೋಡುತ್ತಿರುತ್ತಾರೆ. ಸ್ವೆಟರ್ ಮಾತ್ರ ಎದೆಗೂ ಎದೆಗೂ ನಡುವೆ ಅಡ್ಡಿ. ಅದನ್ನು ಹಾಕಲೇಬೇಕೆಂದರೆ ಮುಂದೆ ಪೂರ್ತಿ ತೆರೆಯುವಂತೆ ಹೆಣೆಯಿರಿ. ಕೂಸಿನ ಬೆನ್ನಿಗೆ ಹೊದಿಕೆ, ಎದೆಗೆ ತಾಯಿ.

ಕಾಲುಚೀಲದೊಳಗಿನ ದಾರ: ಯಾರೂ ಹೇಳದ ಅಪಾಯ

ಕೂಸು ಹಾಲು ಕುಡಿಯದೆ ಒಂದೇ ಸಮನೆ ಅಳುತ್ತಿದೆ. ಹೊಟ್ಟೆನೋವು ಎಂದು ಓಮದ ನೀರು, ದೃಷ್ಟಿ ಎಂದು ಉಪ್ಪು-ಮೆಣಸಿನಕಾಯಿ ಎಲ್ಲ ಆಗುತ್ತದೆ. ಕಾಲುಚೀಲ ತೆಗೆದು ನೋಡುವುದೇ ಇಲ್ಲ. ಒಳಗೆ ಸಡಿಲವಾದ ಒಂದು ದಾರವೋ ಕೂದಲೋ ಕಾಲ್ಬೆರಳಿಗೆ ಸುತ್ತಿಕೊಂಡಿರಬಹುದು. ಕೂಸು ಕಾಲು ಆಡಿಸಿದಷ್ಟೂ ಅದು ಬಿಗಿಯುತ್ತದೆ. ಬೆರಳು ಊದಿದ ಮೇಲೆ ದಾರ ಮಾಂಸದೊಳಗೆ ಹೂತು ಕಣ್ಣಿಗೆ ಕಾಣುವುದಿಲ್ಲ. ರಕ್ತದ ಹರಿವು ನಿಂತರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಇದು ವೈದ್ಯರಿಗೆ ಗೊತ್ತಿರುವ, ಪುಸ್ತಕಗಳಲ್ಲಿ ದಾಖಲಾಗಿರುವ ಸಮಸ್ಯೆ. ಹೆರಿಗೆಯಾದ ಮೂರು-ನಾಲ್ಕು ತಿಂಗಳಿಗೆ ತಾಯಂದಿರ ಕೂದಲು ಹೆಚ್ಚು ಉದುರುವುದು ಸಹಜ. ಆ ಕೂದಲು ಕೂಸಿನ ಬಟ್ಟೆಗೆ ಸೇರುವುದರಿಂದ ಎಳೆಯ ಶಿಶುಗಳಲ್ಲಿ ಇದು ಹೆಚ್ಚು. ಕೈಯಲ್ಲಿ ಹೆಣೆದ ಕಾಲುಚೀಲ, ಕೈಚೀಲಗಳಲ್ಲಿ ಎರಡು ಬಣ್ಣ ಬಳಸಿದ್ದರೆ ಒಳಬದಿಯಲ್ಲಿ ದಾರ ಉದ್ದಕ್ಕೂ ಜೋತಾಡುತ್ತಿರುತ್ತದೆ. ಅದೂ ಬೆರಳಿಗೆ ಬಲೆ.

ಏನು ಮಾಡಬೇಕು?

- ಒಂದು ವರ್ಷದೊಳಗಿನ ಕೂಸಿನ ಕಾಲುಚೀಲಕ್ಕೆ ಒಂದೇ ಬಣ್ಣದ ನೂಲು ಬಳಸಿ. ಚಿತ್ತಾರ ಬೇಕಿದ್ದರೆ ಸ್ವೆಟರಿನ ಎದೆಗೆ ಇರಲಿ.
- ದಾರದ ತುದಿಯನ್ನು ಗಂಟು ಹಾಕಿ ಕತ್ತರಿಸಿ ಬಿಡಬೇಡಿ. ಸೂಜಿಯಿಂದ ಹಿಂದೆ ಮುಂದೆ ಹಾಯಿಸಿ ಹೆಣಿಗೆಯೊಳಗೇ ಸೇರಿಸಿ.
- ಪ್ರತಿ ಸಲ ಹಾಕುವ ಮೊದಲು ಒಳಹೊರಗು ಮಾಡಿ ಕೊಡವಿ, ಬೆರಳಾಡಿಸಿ ನೋಡಿ.
- ಕಾರಣ ತಿಳಿಯದೆ ಕೂಸು ಅತ್ತರೆ ಮೊದಲು ಎಲ್ಲ ಬಟ್ಟೆ ಬಿಚ್ಚಿ ಕಾಲ್ಬೆರಳು, ಕೈಬೆರಳು, ಗುಪ್ತಾಂಗ ನೋಡಿ.
- ದಾರ ಕಂಡು ಸುಲಭವಾಗಿ ಬಿಡಿಸಲು ಆಗದಿದ್ದರೆ, ಬೆರಳು ಊದಿ ಕೆಂಪು-ನೀಲಿ ಆಗಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. 'ನಾಳೆ ನೋಡೋಣ' ಎನ್ನುವ ವಿಷಯ ಇದಲ್ಲ.

ಇದೇ ಕಾರಣಕ್ಕೆ ಕುಂಚಿಗೆ, ಟೊಪ್ಪಿಗೆಗಳಿಗೆ ಕೊರಳಲ್ಲಿ ಕಟ್ಟುವ ಉದ್ದನೆಯ ದಾರ ಇಡಬೇಡಿ. ಅದು ಕೊರಳಿಗೆ ಬಿಗಿಯಬಹುದು, ತೊಟ್ಟಿಲಿಗೆ ಸಿಕ್ಕಿಕೊಳ್ಳಬಹುದು. ಗುಂಡಿ, ಮಣಿಗಳು ಕಿತ್ತು ಬಾಯಿಗೆ ಹೋದರೆ ಉಸಿರುಗಟ್ಟುತ್ತದೆ. ಹಾಕಿದ ಗುಂಡಿಯನ್ನು ಜೋರಾಗಿ ಎಳೆದು ಪರೀಕ್ಷಿಸಿ.

ಟ್ರಂಕಿನ ಸ್ವೆಟರ್ ಮತ್ತು ನುಸಿಗುಳಿಗೆ

ಅಕ್ಕನ ಮಗನಿಗೆ ಹೆಣೆದ ಸ್ವೆಟರ್ ಟ್ರಂಕಿನಲ್ಲಿ ಜೋಪಾನವಾಗಿರುತ್ತದೆ. ನಾಲ್ಕು ವರ್ಷ ಬಿಟ್ಟು ತಂಗಿಯ ಕೂಸಿಗೆ ಅದೇ ಬರುತ್ತದೆ. ಒಳ್ಳೆಯ ಪದ್ಧತಿ. ಆದರೆ ಜೊತೆಗೆ ಹಾಕಿಟ್ಟ ಬಿಳಿ ನುಸಿಗುಳಿಗೆಯ ವಾಸನೆಯೂ ಬರುತ್ತದೆ. ಅನೇಕ ನುಸಿಗುಳಿಗೆಗಳು ನ್ಯಾಫ್ತಲಿನ್‌ನಿಂದ ಆದವು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ಹೊರಗೆ ಯಾವ ಲಕ್ಷಣವೂ ಇರುವುದಿಲ್ಲ. ಅಂಥ ಕೂಸು ನ್ಯಾಫ್ತಲಿನ್ ಆವಿಯನ್ನು ಉಸಿರಾಡಿದರೆ, ಚರ್ಮದ ಮೂಲಕ ಹೀರಿಕೊಂಡರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ ಬರುತ್ತದೆ. ನವಜಾತ ಶಿಶುಗಳಲ್ಲಿ ತೀವ್ರ ಕಾಮಾಲೆ ಮಿದುಳಿಗೂ ಹಾನಿ ಮಾಡಬಲ್ಲದು. ಮೈಗೆ ಎಣ್ಣೆ ಹಚ್ಚಿದ್ದರೆ ನ್ಯಾಫ್ತಲಿನ್ ಇನ್ನೂ ಸುಲಭವಾಗಿ ಒಳಗಿಳಿಯುತ್ತದೆ. ನಮ್ಮ ಕೂಸುಗಳಿಗೆ ದಿನವೂ ಎಣ್ಣೆ ಹಚ್ಚಿಯೇ ಎರೆಯುತ್ತೇವೆ ಎಂಬುದನ್ನು ನೆನಪಿಡಿ.

ಅಕ್ರಿಲಿಕ್ ಸ್ವೆಟರಿಗೆ ನುಸಿಗುಳಿಗೆಯ ಅಗತ್ಯವೇ ಇಲ್ಲ. ನುಸಿಯ ಮರಿಹುಳು ತಿನ್ನುವುದು ಕೆರಟಿನ್ ಇರುವ ಉಣ್ಣೆಯನ್ನು. ಉಣ್ಣೆಯದಾದರೆ ಬೆವರು, ಹಾಲಿನ ಕಲೆ ಹೋಗುವಂತೆ ತೊಳೆದು, ಬಿಸಿಲಿಗೆ ಹಾಕಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ಈಗಾಗಲೇ ಗುಳಿಗೆಯ ಜೊತೆ ಇಟ್ಟಿದ್ದರೆ ತೊಳೆದು, ಕೆಲವು ದಿನ ಗಾಳಿ-ಬಿಸಿಲಿಗೆ ಹರವಿ, ವಾಸನೆ ಪೂರ್ತಿ ಹೋದ ಮೇಲೆಯೇ ಬಳಸಿ. ವಾಸನೆ ಉಳಿದಿದ್ದರೆ ಕೂಸಿಗೆ ಹಾಕಬೇಡಿ.

ತೊಳೆಯುವಾಗ ಇನ್ನೊಂದು ಮಾತು. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಹುರುಪೆಗಳಿವೆ. ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ತಣ್ಣೀರು, ಸೌಮ್ಯ ಸೋಪು, ಹಿಂಡದೆ ಒತ್ತಿ ನೀರು ತೆಗೆಯುವುದು, ಹರವಿ ಒಣಗಿಸುವುದು ಸರಿಯಾದ ಕ್ರಮ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿಸಬೇಡಿ, ಸಡಿಲಾಗಿ ಜೋತುಬೀಳುತ್ತದೆ.

ಅಜ್ಜ-ಅಜ್ಜಿಯ ಕಾಲುಚೀಲಕ್ಕೆ ಬೇರೆ ಲೆಕ್ಕ

ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇರುವವರಲ್ಲಿ ಪಾದದ ಸಂವೇದನೆ ಕಡಿಮೆಯಾಗಿರಬಹುದು. ಕಾಲುಚೀಲದೊಳಗಿನ ಗಂಟು ಒತ್ತಿ ಗುಳ್ಳೆ ಎದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ, ಹುಣ್ಣು ಮಾಯದೆ ದೊಡ್ಡ ತೊಂದರೆಗೆ ತಿರುಗುವುದು ಹೀಗೆಯೇ. ಅವರಿಗೆ ಹೆಣೆಯುವಾಗ ಬೆರಳಿನ ಹತ್ತಿರ ದಪ್ಪ ಜೋಡಣೆ ಬರದಂತೆ ನೋಡಿ. ಮೇಲಿನ ಅಂಚು ಕಾಲಿನಲ್ಲಿ ಗೆರೆ ಮೂಡಿಸುವಷ್ಟು ಬಿಗಿ ಇರಬಾರದು. ತಿಳಿ ಬಣ್ಣದ ನೂಲು ತೆಗೆದುಕೊಳ್ಳಿ, ರಕ್ತ-ಕೀವಿನ ಕಲೆ ಇದ್ದರೆ ಬೇಗ ಕಾಣುತ್ತದೆ. ದಿನವೂ ಬದಲಿಸಿ, ಬದಲಿಸುವಾಗ ಅಂಗಾಲು ನೋಡುವ ರೂಢಿ ಇರಲಿ. ಪಾದ ತಣ್ಣಗಿದೆ ಎಂದು ಬಿಸಿನೀರಿನ ಚೀಲ ಇಡುವುದಕ್ಕಿಂತ ಕಾಲುಚೀಲವೇ ಸುರಕ್ಷಿತ. ಸಂವೇದನೆ ಇಲ್ಲದ ಕಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಇನ್ನೊಂದು ಅಪಾಯ ನೆಲದ್ದು. ನುಣುಪಾದ ಶಹಾಬಾದ್ ಕಲ್ಲು, ಟೈಲ್ಸ್ ಮೇಲೆ ಉಲ್ಲನ್ ಕಾಲುಚೀಲ ಜಾರುತ್ತದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ಹಿರಿಯರು ಬಿದ್ದರೆ ಸೊಂಟದ ಮೂಳೆ ಮುರಿಯುವ ಸಂಭವ ಇದೆ. ಹಾಸಿಗೆಯಿಂದ ಇಳಿಯುವಾಗ ಹಿಡಿತ ಇರುವ ಚಪ್ಪಲಿ ಮೆಟ್ಟಲಿ, ಇಲ್ಲವೇ ಅಡಿಗೆ ರಬ್ಬರ್ ಚುಕ್ಕಿ ಇರುವ ಬಟ್ಟೆ ಹೊಲಿಯಿರಿ.

ಅಳತೆ ತಪ್ಪುವುದು ಎಲ್ಲಿ?

ಹೆಣೆದದ್ದು ಒಮ್ಮೆಯೂ ಹಾಕದೆ ಸಣ್ಣದಾಗುವುದು ಸಾಮಾನ್ಯ. ಒಂದು ಕಾರಣ ಕೈಯ ಬಿಗಿ. ಒಂದೇ ನೂಲು, ಒಂದೇ ಕಡ್ಡಿಯಲ್ಲಿ ಒಬ್ಬರಿಗೆ 10 ಸೆಂಟಿಮೀಟರಿಗೆ 20 ಕುಣಿಕೆ ಬಂದರೆ ಇನ್ನೊಬ್ಬರಿಗೆ 22 ಬರುತ್ತದೆ. 200 ಕುಣಿಕೆಯ ಸ್ವೆಟರ್ ಮೊದಲನೆಯವರ ಕೈಯಲ್ಲಿ 100 ಸೆಂಟಿಮೀಟರ್ ಸುತ್ತಳತೆ, ಎರಡನೆಯವರ ಕೈಯಲ್ಲಿ ಸುಮಾರು 91. ಆದ್ದರಿಂದ ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು, ತೊಳೆದು, ಒಣಗಿಸಿ ಎಣಿಸಿ. ಆಮೇಲೆ ಕುಣಿಕೆ ಹಾಕಿ.

ಎರಡನೆಯದು ಕೂಸಿನ ಬೆಳವಣಿಗೆ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದ ಇರುವ ಕೂಸು ವರ್ಷಕ್ಕೆ ಸುಮಾರು 75 ಆಗುತ್ತದೆ. ತೂಕ ಐದು ತಿಂಗಳಿಗೇ ಎರಡು ಪಟ್ಟು. ಹಟ್ಟಿಯ ಕಡೆ ಮಾರ್ಚಿಯಲ್ಲಿ ಹುಟ್ಟುವ ಕೂಸಿಗೆ ಪುಟ್ಟ ಸ್ವೆಟರ್ ಹೆಣೆದರೆ ಅದನ್ನು ಹಾಕುವ ಚಳಿ ಬರುವ ಹೊತ್ತಿಗೆ ಕೂಸಿಗೆ ಒಂಬತ್ತು ತಿಂಗಳು. ಹೆರಿಗೆಯ ತಿಂಗಳು ನೋಡಿ ಅಳತೆ ಹಾಕಬೇಡಿ. ಮುಂದಿನ ಡಿಸೆಂಬರ್‌ನಲ್ಲಿ ಕೂಸಿಗೆ ಎಷ್ಟು ತಿಂಗಳು ಎಂದು ಲೆಕ್ಕ ಹಾಕಿ.

ಸ್ವೆಟರ್ ಮೈಯ ಅಳತೆಗಿಂತ ಸ್ವಲ್ಪ ದೊಡ್ಡದಿರಬೇಕು. ದೊಡ್ಡವರ ಕಾಲುಚೀಲ ಪಾದದ ಸುತ್ತಳತೆಗಿಂತ ಸುಮಾರು ಹತ್ತರಲ್ಲೊಂದು ಪಾಲು ಚಿಕ್ಕದಿರಬೇಕು, ಇಲ್ಲದಿದ್ದರೆ ಜಾರಿ ಮಡಿಕೆ ಬೀಳುತ್ತದೆ. ಪಾದ ಊದಿಕೊಳ್ಳುವವರಿಗೆ, ಸಂವೇದನೆ ಕಡಿಮೆ ಇರುವವರಿಗೆ ಈ ನಿಯಮ ಬೇಡ.

ಉಳಿದ ಕೆಲವು ನಂಬಿಕೆಗಳು

ಬಸಿರಿ ಹೆಣೆಯಬಾರದೇ? ಗ್ರಹಣದ ಹೊತ್ತಿಗೆ ಬಸಿರಿ ಸೂಜಿ, ಕತ್ತರಿ ಹಿಡಿದರೆ ಕೂಸಿಗೆ ಸೀಳುತುಟಿ ಬರುತ್ತದೆ ಎಂಬ ಮಾತು ಇದೆ. ಸೀಳುತುಟಿ ಉಂಟಾಗುವುದು ಗರ್ಭದ ಮೊದಲ ಎರಡು-ಮೂರು ತಿಂಗಳಲ್ಲಿ ಮುಖದ ಭಾಗಗಳು ಸರಿಯಾಗಿ ಕೂಡಿಕೊಳ್ಳದಿದ್ದಾಗ. ಅನುವಂಶಿಕತೆ, ಕೆಲವು ಔಷಧಿಗಳು, ಧೂಮಪಾನ ಇದರ ಹಿಂದೆ ಇರಬಹುದು. ಸೂಜಿಗೂ ನೆರಳಿಗೂ ಸಂಬಂಧ ಇಲ್ಲ.

ಹುಟ್ಟುವ ಮೊದಲು ಬಟ್ಟೆ ಸಿದ್ಧ ಮಾಡಬಾರದೇ? ಹೆರಿಗೆಯಲ್ಲಿ ಕೂಸು ಉಳಿಯುವ ಖಾತ್ರಿ ಇಲ್ಲದ ಕಾಲದ ಅಂಜಿಕೆ ಈ ನಂಬಿಕೆಯಲ್ಲಿ ಕಾಣುತ್ತದೆ. ಹೊಸ ಬಟ್ಟೆ ಬೇಡವೆಂದರೆ ಬಿಡಿ. ಆದರೆ ತೊಳೆದ ಮೆತ್ತನೆಯ ಬಟ್ಟೆ, ಟೊಪ್ಪಿಗೆ, ಕಾಲುಚೀಲ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಮೊದಲೇ ಇರಲಿ. ಕೂಸು ಶಾಖ ಕಳೆದುಕೊಳ್ಳುವುದು ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿಯೇ ಹೆಚ್ಚು.

ಸ್ವೆಟರ್ ಹಾಕಿದರೆ ನೆಗಡಿ ಬರುವುದಿಲ್ಲವೇ? ನೆಗಡಿ ಬರುವುದು ವೈರಸ್‌ಗಳಿಂದ. ಮುದ್ದಾಡಲು ಬರುವವರು ಕೈ ತೊಳೆಯುವುದು, ಕೆಮ್ಮು-ನೆಗಡಿ ಇದ್ದವರು ದೂರ ಇರುವುದು ಸ್ವೆಟರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಣಿಗೆ ಮನಸ್ಸಿಗೆ ಒಳ್ಳೆಯದೇ? 2013ರಲ್ಲಿ ಪ್ರಕಟವಾದ, 3,545 ಹೆಣಿಗೆಗಾರರ ಸಮೀಕ್ಷೆಯಲ್ಲಿ ಹೆಚ್ಚು ಬಾರಿ ಹೆಣೆಯುವವರು ಹೆಚ್ಚು ನೆಮ್ಮದಿ ಇದೆ ಎಂದಿದ್ದರು. ಆದರೆ ಉತ್ತರಿಸಿದವರೆಲ್ಲ ಹೆಣಿಗೆಯನ್ನು ಇಷ್ಟಪಡುವವರೇ ಆದ್ದರಿಂದ ಅದನ್ನು ಔಷಧಿ ಎಂದು ಕರೆಯಲಾಗದು. ಬಾಣಂತಿ ಸದಾ ಮಂಕಾಗಿದ್ದರೆ, ಅಳುತ್ತಿದ್ದರೆ ಉಲ್ಲನ್ ಕೊಟ್ಟು ಕೂರಿಸಿದರೆ ಸಾಲದು, ವೈದ್ಯರನ್ನು ಕಾಣಬೇಕು. ಹೆಣೆಯುವವರು ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು, ಮಣಿಕಟ್ಟು ಚಾಚಿ ವಿಶ್ರಾಂತಿ ಕೊಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ಕೆಲವು ದಿನ ನಿಲ್ಲಿಸಿ.

ಮನೆಯಲ್ಲಿ ಹೆಣೆದದ್ದು ಅಂಗಡಿಯದಕ್ಕಿಂತ ಬೆಚ್ಚಗೆ ಇರಲೇಬೇಕೆಂದೇನೂ ಇಲ್ಲ, ಭೌತಶಾಸ್ತ್ರ ಎರಡಕ್ಕೂ ಒಂದೇ. ಆದರೆ ಮನೆಯವರಿಗೆ ಒಂದು ಅನುಕೂಲ ಇದೆ. ಯಾರಿಗೆ ಹೆಣೆಯುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. ಕೂಸಿನ ತೂಕ ಎಷ್ಟು, ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆಯೇ, ಕೋಣೆಯಲ್ಲಿ ಕೆಂಡ ಇಡುತ್ತಾರೆಯೇ ಎಂಬುದನ್ನು ಯಾವ ಕಾರ್ಖಾನೆಯೂ ಕೇಳುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೆಣೆಯಿರಿ. ಕಾಲುಚೀಲ ಹಾಕುವ ಮೊದಲು ಒಮ್ಮೆ ಒಳಹೊರಗು ಮಾಡಿ ನೋಡಿ.